ಫೋನಿನಲ್ಲಿ ಸೀರೆ ಹೇಳುವ ಹಾಗೆ ಫೋಟೊ ಹೇಳಿ

ಧಾರವಾಡದಲ್ಲಿ ನನ್ನದು ಮನೆಯಿಂದಲೇ ನಡೆಯುವ ಸಣ್ಣ ವ್ಯಾಪಾರ. ಇಳಕಲ್ ಸೀರೆ ತರಿಸುತ್ತೇನೆ. ನಾನೂ ನಮ್ಮ ಓಣಿಯ ನಾಲ್ಕು ಹೆಣ್ಣುಮಕ್ಕಳೂ ಸೇರಿ ಅದಕ್ಕೆ ಕಸೂತಿ ಹಾಕುತ್ತೇವೆ. ಫೋಟೊ ತೆಗೆದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪಿಗೆ ಹಾಕುತ್ತೇನೆ. ಗಿರಾಕಿಗಳು ಬರುವುದು ಅಲ್ಲಿಂದಲೇ.

ಒಂದು ದಿನ ಗದಗಿನಿಂದ ಫೋನ್ ಬಂತು. ವೀರೇಶ್ವರ ಪುಣ್ಯಾಶ್ರಮದಲ್ಲಿ ಸಂಗೀತ ಕಲಿತು ಈಗ ಮಕ್ಕಳಿಗೆ ಹಾರ್ಮೋನಿಯಂ ಹೇಳಿಕೊಡುವ ಮಾಸ್ತರು. ಕಣ್ಣು ಕಾಣುವುದಿಲ್ಲ. "ಅಕ್ಕಾರ, ನಮ್ಮ ಮನ್ಯಾಕಿಗೆ ಒಂದ್ ಸೀರಿ ಬೇಕಾಗಿತ್ರಿ. ನಿಮ್ಮ ಪೇಜ್ ತಗದ್ರ ನನ್ನ ಫೋನು ಬರೇ ಫೋಟೊ, ಫೋಟೊ ಅಂತೈತಿ. ಕೆಳಗ ನೀವು 'ಚಂದದ ಸೀರೆ, ಬೇಗ ಬುಕ್ ಮಾಡಿ' ಅಂತ ಬರದೀರಿ. ಚಂದ ಅಂದ್ರ ಏನ್ ಚಂದರಿ?" ಅಂದರು.

ಅವತ್ತು ಅವರಿಗೆ ಒಂಬತ್ತು ಸೀರೆ ಬಾಯಲ್ಲೇ ಹೇಳಿದೆ. ಹೇಳುತ್ತಾ ಹೇಳುತ್ತಾ ನಮ್ಮ ಅವ್ವ ನೆನಪಾದಳು. ಆಗ ಮನೆಯಲ್ಲಿದ್ದದ್ದು ಲ್ಯಾಂಡ್‌ಲೈನ್. ಸುಭಾಸ ರಸ್ತೆಯಲ್ಲಿ ಸೀರೆ ತಂದು ಹಾವೇರಿಯ ಚಿಕ್ಕವ್ವನಿಗೆ ಫೋನಿನಲ್ಲಿ ಹೇಳುತ್ತಿದ್ದಳು: "ಮೈ ಗಿಣಿ ಹಸಿರು, ದಡಿ ಕುಂಕುಮ ಬಣ್ಣ, ನಾಕ್ ಬೆರಳ ಅಗಲ ಐತಿ. ಹ್ವಾದ ದೀಪಾವಳಿಗಿ ನೀ ಉಟ್ಟಿದ್ದೆಲ್ಲ, ಅದಕ್ಕಿಂತ ಒಂಚೂರು ತಿಳಿ." ಚಿಕ್ಕವ್ವ ನೋಡದೆಯೇ ಇಟ್ಟುಕೋ ಇಲ್ಲ ಬೇಡ ಅನ್ನುತ್ತಿದ್ದಳು. ಫೋಟೊಗೆ ವಿವರಣೆ ಬರೆಯುವುದು ಅಂದರೆ ಇಷ್ಟೇ. ನಮ್ಮ ಮನೆಗಳಲ್ಲಿ ಯಾವಾಗಿನಿಂದಲೂ ಬಾಯಲ್ಲಿ ಮಾಡುತ್ತಾ ಬಂದ ಕೆಲಸ. ಈಗ ಅದನ್ನು ಬರೆದಿಡಬೇಕು.

ಮೊದಲು, ಆ ಕಡೆ ಏನಾಗುತ್ತದೆ ಅಂತ ತಿಳಿದುಕೊಳ್ಳಿ. ಮಾಸ್ತರ ಫೋನಿನಲ್ಲಿ ಟಾಕ್‌ಬ್ಯಾಕ್ ಇದೆ. ಐಫೋನಿನಲ್ಲಾದರೆ ವಾಯ್ಸ್‌ಓವರ್. ಬೆರಳು ಎಲ್ಲಿ ಇಟ್ಟರೆ ಅಲ್ಲಿರುವುದನ್ನು ಅದು ಓದಿ ಹೇಳುತ್ತದೆ. ಅಕ್ಷರ ಇದ್ದರೆ ಓದುತ್ತದೆ. ಫೋಟೊ ಬಂದರೆ ಅದಕ್ಕೆ ಅಂಟಿಸಿದ ಬರಹವನ್ನು ಹುಡುಕುತ್ತದೆ. ಆ ಬರಹಕ್ಕೆ ಆಲ್ಟ್ ಟೆಕ್ಸ್ಟ್ ಅನ್ನುತ್ತಾರೆ. ಅದು ಇಲ್ಲದಿದ್ದರೆ ಎಷ್ಟೋ ಸಲ ಬರೀ ಫೋಟೊ ಅಂತ ಹೇಳಿ ಸುಮ್ಮನಾಗುತ್ತದೆ. 2016ರಲ್ಲಿ ಫೇಸ್‌ಬುಕ್ ತಾನೇ ಫೋಟೊ ನೋಡಿ ವಿವರ ಹೇಳುವ ವ್ಯವಸ್ಥೆ ತಂದಿತು, 2018ರಲ್ಲಿ ಇನ್‌ಸ್ಟಾಗ್ರಾಂಗೂ ಬಂತು. ಅದು ಹೇಳುವುದು 'ಒಬ್ಬ ವ್ಯಕ್ತಿ ಇರಬಹುದು, ಬಟ್ಟೆ ಇರಬಹುದು' ಅಂತ. ಅಷ್ಟು ಕೇಳಿ ಯಾರಾದರೂ ಸೀರೆ ಆರಿಸಲು ಆಗುತ್ತದಾ?

ಎಲ್ಲಿ ಬರೆಯುವುದು? ಇನ್‌ಸ್ಟಾಗ್ರಾಂನಲ್ಲಿ ಪೋಸ್ಟ್ ಹಾಕುವ ಕೊನೆಯ ಪುಟದಲ್ಲಿ, ಕೆಳಗಿನ ಹೆಚ್ಚಿನ ಸೆಟ್ಟಿಂಗ್‌ಗಳ ಒಳಗೆ ಆಲ್ಟ್ ಟೆಕ್ಸ್ಟ್ ಸಿಗುತ್ತದೆ. ಫೇಸ್‌ಬುಕ್‌ನಲ್ಲಿ ಫೋಟೊ ಎಡಿಟ್ ಮಾಡುವ ಕಡೆ ಇದೆ. ಎಕ್ಸ್‌ನಲ್ಲಿ (ಮೊದಲಿನ ಟ್ವಿಟರ್) ಫೋಟೊ ಮೇಲೆಯೇ ಆಲ್ಟ್ ಅನ್ನುವ ಗುಂಡಿ, 1000 ಅಕ್ಷರದವರೆಗೆ ಬರೆಯಬಹುದು. ಹಳೆಯ ಪೋಸ್ಟಿಗೂ ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಆಮೇಲೆ ಸೇರಿಸಬಹುದು. ವಾಟ್ಸಾಪಿನಲ್ಲಿ ಫೋಟೊ ಕೆಳಗಿನ ಕ್ಯಾಪ್ಷನ್ನಿನಲ್ಲೇ ಬರೆಯಿರಿ.

ನಾನಂತೂ ಈಗ ಎಲ್ಲ ಕಡೆಯೂ ವಿವರಣೆಯನ್ನು ಪೋಸ್ಟಿನ ಬರಹದಲ್ಲೇ ಹಾಕುತ್ತೇನೆ, ಆಲ್ಟ್ ಟೆಕ್ಸ್ಟಿನಲ್ಲಿ ಒಂದೆರಡು ಸಾಲು ಮಾತ್ರ. ಯಾಕೆ ಅಂದರೆ ಆಲ್ಟ್ ಟೆಕ್ಸ್ಟ್ ಕಣ್ಣಿಗೆ ಬೀಳುವುದಿಲ್ಲ. ಪೂರ್ತಿ ಕುರುಡಿಲ್ಲದೆ ದೃಷ್ಟಿ ಮಂದ ಇರುವವರು ಎಷ್ಟೋ ಜನ ಓದಿ ಹೇಳುವ ತಂತ್ರಾಂಶ ಇಟ್ಟುಕೊಳ್ಳುವುದಿಲ್ಲ. ಅಕ್ಷರ ದೊಡ್ಡದು ಮಾಡಿಕೊಂಡು ಓದುತ್ತಾರೆ. ಫೋಟೊದ ಸಣ್ಣ ಕೆಲಸ ಅವರಿಗೆ ಕಾಣುವುದಿಲ್ಲ, ಬರಹ ಕಾಣುತ್ತದೆ.

ಈಗ ಬರೆಯುವ ವಿಷಯ. ಒಂದೇ ಸೀರೆಗೆ ನಾನು ಮೂರು ಸಲ ಬರೆದದ್ದನ್ನು ತೋರಿಸುತ್ತೇನೆ.

ಮೊದಲ ಸಲ: "ಕಪ್ಪು ಸೀರೆ, ಕಸೂತಿ ಕೆಲಸ." ತಪ್ಪಿಲ್ಲ, ಆದರೆ ನನ್ನ ಬಳಿ ಇರುವ ಅರ್ಧ ಸೀರೆಗಳಿಗೆ ಇದೇ ಸಾಲು ಹೊಂದುತ್ತದೆ.

ಎರಡನೇ ಸಲ ಕಂಡದ್ದನ್ನೆಲ್ಲ ತುಂಬಿಸಿದೆ: "ಕಟ್ಟಿಗೆ ಮೇಜಿನ ಮೇಲೆ ಮಡಚಿಟ್ಟ ಸೀರೆ, ಪಕ್ಕದಲ್ಲಿ ಹಿತ್ತಾಳೆಯ ದೀಪದ ಸಮೆ, ಹಿಂದೆ ಬಿಳಿ ಗೋಡೆ, ಎಡಗಡೆ ಕಿಟಕಿಯಿಂದ ಬೆಳಕು..." ಸೀರೆ ಬರುವ ಹೊತ್ತಿಗೆ ಕೇಳುವವರಿಗೆ ಸಾಕಾಗಿರುತ್ತದೆ. ಮಾಸ್ತರು ಹೇಳಿದರು, "ಮೇಜು ಮಾರಾಕತ್ತೀರೇನ್ರಿ?" ಅವರ ಮಾತು ನಿಜ. ಫೋಟೊ ಯಾಕೆ ಹಾಕಿದ್ದೀರಿ ಅಂತ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ. ಅದಕ್ಕೆ ಬೇಕಾದದ್ದು ಮೊದಲು, ಉಳಿದದ್ದು ಆಮೇಲೆ, ಬೇಡದ್ದು ಬಿಟ್ಟೇ ಬಿಡಿ.

ಮೂರನೇ ಸಲ: "ಕಾಡಿಗೆ ಕಪ್ಪಿನ ಚಂದ್ರಕಾಳಿ ಇಳಕಲ್ ಸೀರೆ. ಕೆಂಪು ಸೆರಗಿನಲ್ಲಿ ಬಿಳಿ ರೇಷ್ಮೆಯ ಟೋಪು ತೆನಿ ನೇಯ್ಗೆ. ಸೆರಗಿನ ಹತ್ತಿರ ಮೈಮೇಲೆ ಅಂಗೈ ಎತ್ತರದ ಐದು ಗೋಪುರ, ಗೋಪುರಗಳ ನಡುವೆ ಒಂದೊಂದು ತುಳಸಿ ಕಟ್ಟೆ. ದಾರ ಹಳದಿ, ಹಸಿರು, ಕಿತ್ತಳೆ. ಗೆರೆಗಳೆಲ್ಲ ಗವಂತಿ ಹೊಲಿಗೆ, ಹಿಂದೂ ಮುಂದೂ ಒಂದೇ ತರಹ. ಒಡಲಿನ ತುಂಬಾ ಗೇಣಿಗೊಂದು ಸಣ್ಣ ಹಳದಿ ಚಿಕ್ಕಿ."

ಮಾಸ್ತರು ಕೊಂಡದ್ದು ಇದೇ ಸೀರೆ.

ಅದರಲ್ಲಿ ಏನೇನಿದೆ ನೋಡಿ. ಯಾವ ವಸ್ತು ಅಂತ ಮೊದಲ ಸಾಲಿನಲ್ಲೇ ಇದೆ. ಅಳತೆ ಅಂಗೈ, ಗೇಣಿನಲ್ಲಿದೆ, ಅದು ಎಲ್ಲರ ಮೈಯಲ್ಲೇ ಇರುವ ಅಳತೆ. ಎಲ್ಲಿದೆ, ಎಷ್ಟಿದೆ ಅಂತ ಎಣಿಕೆ ಇದೆ. ಕಸೂತಿ ಹಾಕುವವರಿಗೆ ಇದು ಸುಲಭ, ನಾವು ಬಟ್ಟೆಯ ನೂಲು ಎಣಿಸಿಯೇ ಸೂಜಿ ಚುಚ್ಚುವುದು. ಇನ್ನೊಂದು, ವಸ್ತುಗಳಿಗೆ ಅವುಗಳದೇ ಹೆಸರಿದೆ. 'ಜ್ಯಾಮಿತಿ ವಿನ್ಯಾಸ' ಅಂದರೆ ಯಾರಿಗೆ ಏನು ತಿಳಿಯುತ್ತದೆ? ಗೋಪುರ, ತೇರು, ಅಂಬಾರಿ ಆನೆ, ನವಿಲು ಅಂದರೆ ತಿಳಿಯುತ್ತದೆ. ಮುರ್ಗಿ ಹೊಲಿಗೆ ಅಂತ ಬರೆದಾಗ ಜೊತೆಗೆ 'ಮೆಟ್ಟಿಲ ಹಾಗೆ ಏರಿಳಿಯುವ' ಅಂತಲೂ ಬರೆಯುತ್ತೇನೆ, ಎಲ್ಲರೂ ಕಸೂತಿಯವರಲ್ಲವಲ್ಲ.

ಬಣ್ಣದ ಬಗ್ಗೆ ಬಹಳ ಜನ ಅನುಮಾನ ಪಡುತ್ತಾರೆ. ಕಾಣದವರಿಗೆ ಬಣ್ಣ ಯಾಕೆ ಅಂತ. ದಯವಿಟ್ಟು ಬಣ್ಣ ಬಿಡಬೇಡಿ. ನಡುವಯಸ್ಸಿನಲ್ಲಿ ಕಣ್ಣು ಹೋದವರಿಗೆ ಬಣ್ಣದ ನೆನಪಿರುತ್ತದೆ. ಹುಟ್ಟಿನಿಂದ ಕಾಣದವರೂ ಬಣ್ಣದ ನಡುವೆಯೇ ಬೆಳೆದವರು. ಹಸಿರು ಬಳೆ ಯಾವಾಗ ಇಡುತ್ತಾರೆ, ಬಿಳಿ ಬಟ್ಟೆ ಯಾವಾಗ ಉಡುತ್ತಾರೆ ಅನ್ನುವುದು ಅವರಿಗೂ ಗೊತ್ತು. ಮಾಸ್ತರು ಮೊದಲು ಕೇಳಿದ್ದೇ ದಡಿಯ ಬಣ್ಣ, ಮನೆಯಲ್ಲಿರುವ ಕುಪ್ಪಸಕ್ಕೆ ಹೊಂದಬೇಕಿತ್ತು.

ಸೀರೆ ಬಿಟ್ಟು ಮನೆಯ ಫೋಟೊಗೂ ದಾರಿ ಇದೇ. ಹೋದ ನಾಗರಪಂಚಮಿಗೆ ನನ್ನ ಸೋದರ ಸೊಸಿ ಜೋಕಾಲಿ ಆಡುವ ಫೋಟೊ ಹಾಕಿದ್ದೆ. ಬರೆದದ್ದು ಹೀಗೆ: "ಬೇವಿನ ಮರಕ್ಕೆ ಕಟ್ಟಿದ ಹಗ್ಗದ ಜೋಕಾಲಿ. ಎಂಟು ವರ್ಷದ ಹುಡುಗಿ ನಿಂತು ಜೀಕುತ್ತಿದ್ದಾಳೆ, ಮೊಣಕಾಲು ಮಡಚಿದೆ, ಜಡೆ ಹಿಂದಕ್ಕೆ ಹಾರಿದೆ. ಬಾಯಿ ತೆರೆದು ನಗುತ್ತಿದ್ದಾಳೆ. ಕೆಳಗೆ ಅಜ್ಜಿ ಎರಡೂ ಕೈ ಚಾಚಿ ನಿಂತಿದ್ದಾಳೆ." ಹುಡುಗಿಗೆ ಖುಷಿ, ಅಜ್ಜಿಗೆ ಭಯ ಅಂತ ನಾನು ಬರೆಯಲಿಲ್ಲ. ಚಾಚಿದ ಕೈ ಅದನ್ನು ಹೇಳುತ್ತದೆ. ಗುರುತಿಲ್ಲದವರ ಫೋಟೊ ಆದರೆ ವಯಸ್ಸು, ಜಾತಿ, ಊರು ಊಹೆ ಮಾಡಬೇಡಿ. ಏನು ಉಟ್ಟಿದ್ದಾರೆ, ಏನು ಮಾಡುತ್ತಿದ್ದಾರೆ ಅಷ್ಟು ಸಾಕು. ಶುರುವಿನಲ್ಲಿ 'ಇದು ಒಂದು ಫೋಟೊ' ಅನ್ನುವುದೂ ಬೇಡ, ಫೋನೇ ಹೇಳಿರುತ್ತದೆ. ಹಳೆಯ ಕಪ್ಪು ಬಿಳುಪಿನದೋ, ಕೈಯಲ್ಲಿ ಬಿಡಿಸಿದ್ದೋ ಆದರೆ ಹೇಳಿ.

ನನಗೆ ಬಹಳ ಬೇಜಾರಾಗುವುದು ಅಕ್ಷರ ತುಂಬಿದ ಚಿತ್ರಗಳ ವಿಷಯದಲ್ಲಿ. ಮದುವೆ ಕಾರ್ಡು, ಶ್ರದ್ಧಾಂಜಲಿ, ಕರೆಂಟ್ ಹೋಗುವ ಸುದ್ದಿ, ಪೇಪರ್ ಕಟಿಂಗ್, ಎಲ್ಲವೂ ಚಿತ್ರವಾಗಿಯೇ ಗ್ರೂಪಿಗೆ ಬರುತ್ತವೆ. ಒಂದು ಸಂಗೀತ ಕಾರ್ಯಕ್ರಮದ ಆಮಂತ್ರಣ ಹೀಗೆ ಬಂದಿತ್ತು. ದೊಡ್ಡ ಅಲಂಕಾರದ ಅಕ್ಷರ, ಕೆಳಗೆ 'ಎಲ್ಲರೂ ಬನ್ನಿ' ಅನ್ನುವ ಒಂದೇ ಸಾಲು. ಮಾಸ್ತರಿಗೆ ಗೊತ್ತಾಗುವ ಹೊತ್ತಿಗೆ ಕಾರ್ಯಕ್ರಮ ಮುಗಿದಿತ್ತು. ಹಾಡನ್ನೇ ಬದುಕು ಮಾಡಿಕೊಂಡ ಮನುಷ್ಯ, ಒಂದೆರಡು ಗಂಟೆಯ ದಾರಿ, ಬರಲು ಆಗಲಿಲ್ಲ. ಇಂಥ ಚಿತ್ರ ಹಾಕುವಾಗ ಹೂವಿನ ಅಂಚು ವಿವರಿಸಬೇಡಿ. ದಿನ, ಹೊತ್ತು, ಜಾಗ, ಯಾರ ಹಾಡು, ಯಾರಿಗೆ ಫೋನ್ ಮಾಡಬೇಕು, ಇಷ್ಟನ್ನು ಹಾಗೇ ಟೈಪ್ ಮಾಡಿ. ಎರಡು ನಿಮಿಷದ ಕೆಲಸ.

ಸಾಲಿನ ನಡುವೆ ಹತ್ತು ಹೃದಯ ಇಮೋಜಿ ಹಾಕಿದರೆ ಫೋನು 'ಕೆಂಪು ಹೃದಯ, ಕೆಂಪು ಹೃದಯ' ಅಂತ ಓದುತ್ತಾ ಹೋಗುತ್ತದೆ. ಒಂದು ಸಾಕು, ಅದೂ ಕೊನೆಗೆ. ಕನ್ನಡ ಹ್ಯಾಶ್‌ಟ್ಯಾಗಿನಲ್ಲಿ ಪದಗಳ ನಡುವೆ ಅಡಿಗೆರೆ ಹಾಕಿ, ಇಲ್ಲದಿದ್ದರೆ ಎಲ್ಲವೂ ಕೂಡಿಕೊಂಡು ತಿಳಿಯದ ಹಾಗೆ ಕೇಳುತ್ತದೆ.

ಈಗ ಎಐ ಕೇಳಿದರೆ ಅದೇ ಬರೆದುಕೊಡುತ್ತದೆ. ಸಮಯ ಇಲ್ಲದಾಗ ನಾನೂ ಕೇಳುತ್ತೇನೆ. ಆದರೆ ಓದಿ ತಿದ್ದದೆ ಹಾಕುವುದಿಲ್ಲ. ನನ್ನ ತುಳಸಿ ಕಟ್ಟೆಯನ್ನು ಅದು ಹೂಕುಂಡ ಅಂದಿತ್ತು.

ಬರೆದ ಮೇಲೆ ಒಂದು ಪರೀಕ್ಷೆ ಮಾಡಿ. ಮನೆಯವರನ್ನು ಯಾರನ್ನಾದರೂ ಕರೆದು, ಫೋಟೊ ತೋರಿಸದೆ ಓದಿ ಹೇಳಿ. ಆಮೇಲೆ ಫೋಟೊ ತೋರಿಸಿ. 'ಅಯ್ಯ, ನಾನು ಬೇರೆ ಏನೋ ಅಂದುಕೊಂಡಿದ್ದೆ' ಅಂದರೆ ಎಲ್ಲಿ ತಪ್ಪಿತು ಅಂತ ಕೇಳಿ, ತಿದ್ದಿ.

ಕಳೆದ ತಿಂಗಳು ಮಾಸ್ತರು ಮನೆಯವರ ಜೊತೆ ನಮ್ಮ ಮನೆಗೇ ಬಂದಿದ್ದರು. ಆ ಚಂದ್ರಕಾಳಿಯನ್ನೇ ಉಟ್ಟಿದ್ದರು ಅವರ ಮನೆಯವರು. ಮಾಸ್ತರು ಸೆರಗಿನ ಅಂಚು ಹಿಡಿದು, ಬೆರಳಿನಲ್ಲಿ ಹೊಲಿಗೆ ಸವರುತ್ತಾ "ಇಲ್ಲಿ ಗೋಪುರ, ಇಲ್ಲಿ ಕಳಸ, ಇದು ತುಳಸಿ ಕಟ್ಟಿ, ಹೌದಲ್ರಿ?" ಅಂದರು. ಹಿಂದುಮುಂದು ಮಾಡಿ ಸವರಿ, ನಾನು ಬರೆದ ಹಾಗೇ ಇದೆ ಅಂತ ತಲೆ ಆಡಿಸಿದರು. ಆಮೇಲೆ, "ಎಲ್ಲಾ ಬರದ್ರಿ. ಬಟ್ಟಿ ಕೈಗೆ ಹೆಂಗ್ ಹತ್ತತೈತಿ ಅನ್ನೂದೊಂದು ಬರೀಲಿಲ್ಲ ನೋಡ್ರಿ. ನನಗ ಅದ ಮೊದಲು ಬೇಕಾಗಿತ್ತು" ಅಂದರು.

ಇವತ್ತು ಬೆಳಿಗ್ಗೆ ಹಾಕಿದ ಪೋಸ್ಟು ಇದು: "ದಾಳಿಂಬೆ ಬಣ್ಣದ ಹತ್ತಿ ಸೀರೆ. ಹೊಸದು, ಗಂಜಿ ಇನ್ನೂ ಬಿಟ್ಟಿಲ್ಲ, ಮುಟ್ಟಿದರೆ ಸ್ವಲ್ಪ ಒರಟು, ಎರಡು ಸಲ ಒಗೆದರೆ ಮೆತ್ತಗಾಗುತ್ತದೆ. ದಡಿ ಮೂರು ಬೆರಳು ಅಗಲ, ಕಡು ಹಸಿರು. ಸೆರಗಿನ ಹತ್ತಿರ ಬಿಳಿ ದಾರದ ಏಳು ನವಿಲು, ಎಲ್ಲವೂ ಎಡಕ್ಕೆ ಮುಖ ಮಾಡಿವೆ. ಹೊಲಿಗೆ ಬೆರಳಿಗೆ ಸಣ್ಣಗೆ ಹತ್ತುತ್ತದೆ."