ಕೂಲಿ ಎಷ್ಟು, ಊಟ ಇದೆಯಾ: ಊರಲ್ಲೇ ಕೂತು ಕೆಲಸದ ಹಾಳೆ ನಡೆಸುವುದು

ನಮ್ಮೂರು ಕೊಪ್ಪ ಮತ್ತು ತೀರ್ಥಹಳ್ಳಿ ನಡುವೆ, ಮುಖ್ಯ ರಸ್ತೆಯಿಂದ ನಾಲ್ಕು ಕಿಲೋಮೀಟರ್ ಒಳಗೆ. ಇಲ್ಲಿಂದ ಪ್ರತಿ ಗುರುವಾರ ಒಂದು ಹಾಳೆ ಹೊರಡಿಸುತ್ತೇನೆ. ಅದರಲ್ಲಿ ಹತ್ತು ಹದಿನೈದು ಕೆಲಸ ಇರುತ್ತವೆ, ಬೇರೇನೂ ಇಲ್ಲ. ತೋಟದವರು ಆಳು ಸಿಗಲ್ಲ ಅಂತ ಗೋಳಾಡುತ್ತಿದ್ದರು. ಮೂರು ಕಿಲೋಮೀಟರ್ ಆಚೆ ಹುಡುಗರು ಡೈರಿ ಕಟ್ಟೆ ಮೇಲೆ ಸುಮ್ನೆ ಕೂತಿರುತ್ತಿದ್ದರು. ಅದನ್ನು ನೋಡಿಯೇ ಶುರು ಮಾಡಿದ್ದು. ನಿಮ್ಮೂರಲ್ಲೂ ಮಾಡುವ ಮನಸ್ಸಿದ್ದರೆ, ನಾನು ಮಾಡುವ ರೀತಿ ಹೇಳುತ್ತೇನೆ.

ಮೊದಲು ಗಡಿ ಹಾಕಿಕೊಳ್ಳಿ. ಬೆಳಿಗ್ಗೆ ಹೊರಟವರು ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬೇಕು, ನನ್ನ ಗಡಿ ಅಷ್ಟೇ. ಬೆಂಗಳೂರಿನ ಸೆಕ್ಯುರಿಟಿ ಕೆಲಸ ಹಾಕಿ ಅಂತ ತುಂಬಾ ಜನ ಕೇಳುತ್ತಾರೆ. ಹಾಕಲ್ಲ. ಅಲ್ಲಿ ಹೋಗಿ ನೋಡಿ ಬರಲು ನನ್ನಿಂದ ಆಗಲ್ಲ. 2023ರ ಜೂನ್‌ನಲ್ಲಿ ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರು ಇನ್ನೂ ಸ್ವಲ್ಪ ದೂರದ ಕೆಲಸ ಕೇಳತೊಡಗಿದರು. ಆದರೆ ನಮ್ಮ ಕಡೆ ಖಾಸಗಿ ಬಸ್ಸೇ ಜಾಸ್ತಿ. ಹಾಗಾಗಿ ಪ್ರತಿ ಕೆಲಸದ ಕೆಳಗೆ ಯಾವ ಬಸ್, ಎಷ್ಟು ಹೊತ್ತಿಗೆ ಅಂತಲೂ ಬರೆಯುತ್ತೇನೆ.

ಕೆಲಸ ತಾನಾಗಿ ಬರುತ್ತದೆ ಅಂತ ಕಾಯಬೇಡಿ. ಮಲೆನಾಡಿನಲ್ಲಿ ಪ್ರತಿ ತಿಂಗಳಿಗೂ ಅದರದ್ದೇ ಕೆಲಸ ಇದೆ. ಮೇ ಕೊನೆಗೆ ಅಡಿಕೆಗೆ ಬೋರ್ಡೋ, ಅಂದ್ರೆ ಮೈಲುತುತ್ತ ಸುಣ್ಣದ ಔಷಧಿ, ಹೊಡೆಯುವವರು ಬೇಕು. ಮಳೆ ಜೋರಾದ ಮೇಲೆ, ನಲವತ್ತು ನಲವತ್ತೈದು ದಿನ ಬಿಟ್ಟು, ಅವರೇ ಮತ್ತೆ ಬೇಕು. ಇಲ್ಲಾಂದ್ರೆ ಕಾಯಿಗೆ ಕೊಳೆ ರೋಗ. ನಂತರ ಅಡಿಕೆ ಗೊನೆ ಕೊಯ್ಲು, ಸುಲಿಯುವುದು, ಬೇಯಿಸುವುದು. ನವೆಂಬರ್‌ನಿಂದ ಕಾಫಿ, ಅದು ಮುಗಿಯುವ ಹೊತ್ತಿಗೆ ಮೆಣಸು. ಒಂದು ತಿಂಗಳು ಮೊದಲೇ ತೋಟದವರಿಗೆ ಫೋನ್ ಮಾಡಿ, "ಈ ಸಲ ಎಷ್ಟು ಜನ ಬೇಕು?" ಅಂತ ಕೇಳಿ. ಈಗ ನೆಲದಲ್ಲೇ ನಿಂತು ಗೊನೆ ಕೊಯ್ಯುವ ಉದ್ದ ಕೋಲು, ಫೈಬರ್ ದೋಟಿ, ಬಂದಿದೆ. ಮರ ಹತ್ತುವವರು ಬೇಕೋ, ದೋಟಿಯಲ್ಲಿ ಕೊಯ್ಯುವವರು ಬೇಕೋ ಅನ್ನುವುದನ್ನೂ ಕೇಳಲೇಬೇಕು. ಎರಡೂ ಬೇರೆ ಬೇರೆ ಕೆಲಸ, ಕೂಲಿಯೂ ಬೇರೆ.

ಇನ್ನು ಬರೆಯುವುದು. ನನ್ನ ಅರ್ಧ ದಿನ ಇದಕ್ಕೇ ಹೋಗುತ್ತದೆ. ಕೆಲಸ ಕೊಡುವವರು ಕಳಿಸುವುದು ಹೀಗಿರುತ್ತದೆ: "ಕಾಫಿ ಕೊಯ್ಯಲು ಕೆಲಸಗಾರರು ಬೇಕಾಗಿದ್ದಾರೆ. ಆಕರ್ಷಕ ಸಂಬಳ. ಕೂಡಲೇ ಸಂಪರ್ಕಿಸಿ." ಆಕರ್ಷಕ ಅಂದ್ರೆ ಎಷ್ಟಪ್ಪಾ? ಫೋನ್ ಮಾಡಿ ಕೇಳಿದ ಮೇಲೆ ಅದೇ ಸಾಲು ಹಾಳೆಯಲ್ಲಿ ಹೀಗೆ ಬರುತ್ತದೆ:

"ಕಾಫಿ ಕೊಯ್ಲು. 8 ಜನ, ಮೂರು ವಾರ. ಕೆಜಿಗೆ 6 ರೂಪಾಯಿ, ಶನಿವಾರ ಬಟವಾಡೆ. ಬೆಳಿಗ್ಗೆ ಟೀ ಉಂಟು, ಊಟ ಇಲ್ಲ. ಜೀಪು 7.30ಕ್ಕೆ ಶಾಲೆ ಹತ್ತಿರ. ತೂಕ ಎಲ್ಲರ ಎದುರೇ."

ಕೊನೆಯ ಸಾಲನ್ನು ನಾನೇ ಕೇಳಿ ಸೇರಿಸುತ್ತೇನೆ. ಕೆಜಿ ಲೆಕ್ಕದ ಕೆಲಸದಲ್ಲಿ ಜಗಳ ಆಗುವುದು ತೂಕದ ಹತ್ತಿರವೇ. ದಿನಗೂಲಿಯಲ್ಲಿ ಜಗಳ ಊಟದ ಮೇಲೆ. ಮಾಲೀಕರು ಊಟ ಸೇರಿಸಿ ಕೂಲಿ ಹೇಳಿರುತ್ತಾರೆ, ಬಂದವರು ಊಟ ಬಿಟ್ಟು ಅಂತ ತಿಳಿದಿರುತ್ತಾರೆ. ಮಧ್ಯಾಹ್ನ ಒಂದು ಗಂಟೆಗೆ ಇದು ಗೊತ್ತಾದರೆ ಬೈಗುಳ ಬರುವುದು ನಿಮ್ಮ ಫೋನಿಗೆ.

ಅಚ್ಚಾಗುವ ಮೊದಲು ಪ್ರತಿ ನಂಬರಿಗೂ ನೀವೇ ಒಮ್ಮೆ ಫೋನ್ ಮಾಡಿ. ಹೋದ ಅಡಿಕೆ ಸೀಸನ್‌ನಲ್ಲಿ ನಾನು ಒಂದು ಅಂಕಿ ತಪ್ಪು ಹೊಡೆದೆ. ಅಡಿಕೆ ಸುಲಿಯಲು ಜನ ಬೇಕು ಅಂತ ಹಾಕಿದ್ದ ಆ ನಂಬರು ದಾವಣಗೆರೆ ಕಡೆಯ ಒಬ್ಬ ಅಜ್ಜಿಯದು. ಎರಡು ದಿನದಲ್ಲಿ ಮೂವತ್ತಕ್ಕೂ ಜಾಸ್ತಿ ಕರೆ ಹೋಗಿವೆ. ಕ್ಷಮೆ ಕೇಳಲು ನಾನು ಫೋನ್ ಮಾಡಿದರೆ, "ಅಡಿಕೆ ನಮ್ಮ ಹತ್ರ ಇಲ್ಲ ಅಂತ ಎಷ್ಟು ಸಲ ಹೇಳ್ಬೇಕು?" ಅಂತ ಅಲ್ಲೇ ಇಟ್ಟರು. ಎರಡನೇ ಸಲ ಮಾಡುವ ಧೈರ್ಯ ಬರಲಿಲ್ಲ. ಅವತ್ತಿಂದ ಹಾಳೆಯಲ್ಲಿ ಅಚ್ಚಾಗಬೇಕಾದ ನಂಬರನ್ನು ನೋಡಿಕೊಂಡೇ ಡಯಲ್ ಮಾಡುತ್ತೇನೆ, ಫೋನಿನಲ್ಲಿ ಸೇವ್ ಆಗಿರುವುದನ್ನು ಅಲ್ಲ.

ಕೆಲವನ್ನು ಹಾಕುವುದೇ ಇಲ್ಲ. ಒಂದೇ ಕೆಲಸಕ್ಕೆ ಗಂಡಾಳಿಗೆ ಇಷ್ಟು, ಹೆಣ್ಣಾಳಿಗೆ ಅಷ್ಟು ಅಂತ ಬರೆದು ಕಳಿಸುತ್ತಾರೆ. ಇದು 1976ರಿಂದ ಕಾನೂನಿಗೆ ವಿರುದ್ಧ. ಒಂದೇ ಕೂಲಿ ಬರೆದುಕೊಡಿ, ಹಾಕುತ್ತೇನೆ ಅಂತ ವಾಪಸ್ ಕಳಿಸುತ್ತೇನೆ. ಕೆಲವರಿಗೆ ಸಿಟ್ಟು ಬಂದಿದೆ, ಕೆಲವರು ಬದಲಿಸಿದ್ದಾರೆ. ಮುಂಗಡ ಕೊಟ್ಟು ಇಡೀ ಕುಟುಂಬವನ್ನೇ ತೋಟದ ಲೈನ್ ಮನೆಗೆ (ಆಳುಗಳ ಸಾಲು ಮನೆಗೆ) ಕರೆಸುವ ಕೆಲಸವೂ ಬೇಡ. ಸಾಲಕ್ಕೆ ದುಡಿಸಿಕೊಳ್ಳುವುದು ಅಲ್ಲಿಂದಲೇ ಶುರು. ಕೆಲಸ ಕೊಡಲು ದುಡ್ಡು ಕೇಳುವವರಂತೂ ಬೇಡವೇ ಬೇಡ.

ಸರ್ಕಾರಿ ಕೆಲಸಕ್ಕೆ ಕೆಳಗೆ ಎರಡು ಸಾಲು ಜಾಗ ಇಟ್ಟಿದ್ದೇನೆ. ಇಲಾಖೆಯ ಸ್ವಂತ ಜಾಲತಾಣದಲ್ಲಿ ಕಣ್ಣಾರೆ ನೋಡದೆ ಒಂದನ್ನೂ ಹಾಕಬೇಡಿ. ವಾಟ್ಸಾಪ್‌ನಲ್ಲಿ ತಿರುಗುವುದರಲ್ಲಿ ಬಹಳಷ್ಟು ಹೋದ ವರ್ಷದ್ದೇ ಇರುತ್ತದೆ. ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ್ ಕೆಲಸವನ್ನೇ ನೋಡಿ. 2025ರ ಫೆಬ್ರವರಿಯಲ್ಲಿ ದೇಶಕ್ಕೆಲ್ಲ ಸೇರಿ 21,413 ಹುದ್ದೆಗೆ ಅರ್ಜಿ ಕರೆದಿದ್ದರು. ಪರೀಕ್ಷೆ ಇಲ್ಲ, ಸಂದರ್ಶನ ಇಲ್ಲ, ಹತ್ತನೇ ತರಗತಿಯ ಅಂಕದ ಮೇಲೆ ಆಯ್ಕೆ. ಅರ್ಜಿ ಶುಲ್ಕ 100 ರೂಪಾಯಿ, ಹೆಂಗಸರಿಗೆ ಅದೂ ಇಲ್ಲ. ಹೀಗಿದ್ದೂ ಪಕ್ಕದೂರಿನ ಹುಡುಗನ ಹತ್ತಿರ ಒಬ್ಬ "ಒಳಗಿಂದ ಮಾಡಿಸಿಕೊಡ್ತೀನಿ" ಅಂತ ಒಂದೂವರೆ ಲಕ್ಷ ಕೇಳಿದ. ಹುಡುಗ ಹಾಳೆ ಓದಿದ್ದ, ಕೊಡಲಿಲ್ಲ. ಫೋನಿನಲ್ಲಿ ದುಡ್ಡು ಕಳಿಸಿ ಮೋಸ ಹೋದವರಿಗಾಗಿ 1930 ಸಹಾಯವಾಣಿ ನಂಬರನ್ನು ಹಾಳೆಯ ತಳದಲ್ಲಿ ಯಾವಾಗಲೂ ಇಡುತ್ತೇನೆ.

ಹಂಚುವುದಕ್ಕೆ ಮೊದಲು ವಾಟ್ಸಾಪ್ ಗುಂಪು ಮಾಡಿದ್ದೆ. ತಪ್ಪಾಯಿತು. ಗುಂಪಿನಲ್ಲಿ ಎಲ್ಲರ ನಂಬರು ಎಲ್ಲರಿಗೂ ಕಾಣುತ್ತದೆ. ಇಬ್ಬರು ಹೆಣ್ಣುಮಕ್ಕಳಿಗೆ ರಾತ್ರಿ ಹೊತ್ತು ಮೆಸೇಜ್ ಬರತೊಡಗಿತು. ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿದರೆ 256 ಜನಕ್ಕೆ ನಿಂತುಹೋಗುತ್ತದೆ, ಅದೂ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಈಗ ವಾಟ್ಸಾಪ್ ಚಾನೆಲ್ ಇದೆ, ಅದರಲ್ಲಿ ಓದುಗರ ನಂಬರು ಒಬ್ಬರಿಗೊಬ್ಬರಿಗೆ ಕಾಣಲ್ಲ. ಪಿಡಿಎಫ್ ಬೇಡ, ಯುನಿಕೋಡ್ ಅಕ್ಷರದಲ್ಲೇ ಹಾಕಿ. ಓದಲು ಬಾರದವರಿಗೆ ಅದನ್ನೇ ಓದಿ ಮೂರು ನಿಮಿಷದ ಧ್ವನಿ ಮೆಸೇಜ್ ಕಳಿಸುತ್ತೇನೆ. ಜಾಸ್ತಿ ಕರೆ ಬರುವುದು ಅದನ್ನು ಕೇಳಿದವರಿಂದಲೇ.

ಕಾಗದವನ್ನಂತೂ ಬಿಡಬೇಡಿ. ಜುಲೈನಲ್ಲಿ ಕರೆಂಟ್ ಹೋದರೆ ಟವರೂ ಹೋಗುತ್ತದೆ, ಆಗ ಗೋಡೆಯೇ ಗತಿ. ಮೂವತ್ತು ಪ್ರತಿ ಮಾಡಿಸುತ್ತೇನೆ. ಇಂಕ್‌ಜೆಟ್ ಪ್ರಿಂಟು ಒಂದು ಇರಚಲಿಗೇ ಕದಡಿಹೋಗುತ್ತದೆ, ಜೆರಾಕ್ಸ್ ತಡೆಯುತ್ತದೆ. ಹಾಲಿನ ಡೈರಿ, ನ್ಯಾಯಬೆಲೆ ಅಂಗಡಿ, ಕಟಿಂಗ್ ಶಾಪ್, ಪಂಚಾಯಿತಿಯ ಅರಿವು ಕೇಂದ್ರ ಅಂದ್ರೆ ಲೈಬ್ರರಿ, ಇಲ್ಲೆಲ್ಲ ಅಂಟಿಸುತ್ತೇನೆ. ಡೈರಿಯಲ್ಲಿ ಹಾಲಿನ ಕ್ಯಾನಿನ ಸಾಲು ನಿಲ್ಲುವ ಕಡೆಗೇ ಅಂಟಿಸಿ. ಅಲ್ಲಿ ಜನಕ್ಕೆ ಹತ್ತು ನಿಮಿಷ ಬೇರೆ ಕೆಲಸ ಇರಲ್ಲ. ಹೊಸದು ಅಂಟಿಸುವಾಗ ಹಳೆಯದನ್ನು ಕಿತ್ತೇ ಬರಬೇಕು. ಆಳು ಸಿಕ್ಕಿ ಮುಗಿದ ಕೆಲಸಕ್ಕೆ ಒಬ್ಬರು ಇಪ್ಪತ್ತು ರೂಪಾಯಿ ಬಸ್ ಚಾರ್ಜ್ ಕೊಟ್ಟು ಹೋಗಿ ಬಂದರೆ, ಮುಂದಿನ ವಾರ ಹಾಳೆ ನೋಡಲ್ಲ.

ದುಡ್ಡಿನ ವಿಷಯ ಚಿಕ್ಕದು. ಕೆಲಸ ಹುಡುಕುವವರಿಂದ ಒಂದು ಪೈಸೆ ಇಲ್ಲ. ಸಣ್ಣ ತೋಟದವರಿಗೂ ಪುಕ್ಕಟೆ. ಹೋಮ್‌ಸ್ಟೇ, ನರ್ಸರಿ, ಅಂಗಡಿಯವರು ಒಂದು ಸಲಕ್ಕೆ 50 ರೂಪಾಯಿ ಕೊಡುತ್ತಾರೆ. ಜೆರಾಕ್ಸ್, ರೀಚಾರ್ಜ್, ಬೈಕಿನ ಪೆಟ್ರೋಲ್ ಕಳೆದರೆ ಅಡಿಕೆ ಸೀಸನ್‌ನಲ್ಲಿ ಸ್ವಲ್ಪ ಉಳಿಯುತ್ತದೆ. ಮಳೆಗಾಲದಲ್ಲಿ ಕೈಯಿಂದ ಹೋಗುತ್ತದೆ.

ರಜೆ ಹಾಕುವುದಿದ್ದರೆ ಹಿಂದಿನ ವಾರದ ಹಾಳೆಯಲ್ಲೇ ದಪ್ಪಕ್ಷರದಲ್ಲಿ ಬರೆಯಿರಿ. ಒಂದು ದೀಪಾವಳಿಗೆ ನಾನು ಹೇಳದೆ ಬಿಟ್ಟೆ. ಶುಕ್ರವಾರ ಬೆಳಿಗ್ಗೆ ಆರೂವರೆಗೆ ಅಂಗಳದಲ್ಲಿ ಐದು ಜನ ಬುತ್ತಿ ಹಿಡಿದುಕೊಂಡು ನಿಂತಿದ್ದರು.