ಕೀ ಒತ್ತಿದರೆ ಮಾತ್ರ ಏಳುವ ವಿಎಂ: ಟೈಮರ್ ಬಗ್ ಹಿಡಿಯುವುದು ಹೀಗೆ

ವಿಎಂ (ಕಂಪ್ಯೂಟರ್ ಒಳಗೆ ಸಾಫ್ಟ್‌ವೇರ್ ನಡೆಸುವ ಇನ್ನೊಂದು ಕಂಪ್ಯೂಟರ್) ಒಳಗೆ ‘ಸ್ಲೀಪ್ 1’ ಅಂತ ಕೊಟ್ಟಿದ್ದೀರಿ. ಒಂದು ಸೆಕೆಂಡಿಗೆ ಪ್ರಾಂಪ್ಟ್ ವಾಪಸ್ ಬರಬೇಕು, ಬರುತ್ತಿಲ್ಲ. ಯಾವುದಾದರೂ ಕೀ ಒತ್ತಿದ ತಕ್ಷಣ ಬಂದುಬಿಡುತ್ತದೆ. ಇದನ್ನು ನೋಡಿ ರ‍್ಯಾಮ್ ಹಾಕಿಸಲು ಓಡಬೇಡಿ. ಟೈಮರ್ ಮುಗಿದಿದೆ, ಆದರೆ ವಿಎಂ ನಡೆಸುವ ಸಾಫ್ಟ್‌ವೇರಿನಲ್ಲಿ ಕೆಲಸಕ್ಕೆ ಕಾಯುತ್ತಾ ಮಲಗಿದ ಲೂಪನ್ನು ಯಾರೂ ಎಬ್ಬಿಸಿಲ್ಲ. ಕೀ ಒತ್ತಿದ್ದಕ್ಕೆ ಅದು ಎದ್ದು, ಹಾಗೇ ಹಳೆಯ ಟೈಮರನ್ನೂ ನೋಡಿತು, ಅಷ್ಟೇ. ಬೆಳಗಾವಿ, ಬಾಗಲಕೋಟೆ ಕಡೆಯ ಕಾಲೇಜುಗಳಲ್ಲಿ ಕೆವಿಎಂ (ವಿಎಂ ಓಡಿಸಲು ಲಿನಕ್ಸ್ ಕರ್ನಲ್‌ನಲ್ಲೇ ಇರುವ ಸೌಲಭ್ಯ) ಮೇಲೆ ಸ್ವಂತ ವಿಎಂ ಸಾಫ್ಟ್‌ವೇರ್ ಬರೆದು ಪ್ರಾಜೆಕ್ಟ್ ಮಾಡುತ್ತಿದ್ದರೆ ಇದು ನಿಮಗೇ.

ಮೊದಲು ಆ ಟೈಮರ್ ಯಾರ ಕೈಯಲ್ಲಿದೆ ನೋಡಿ. ಸಿಪಿಯುವನ್ನು ಕೆಲಸದ ನಡುವೆ ಕರೆಯುವ ಇಂಟರಪ್ಟ್ ಚಿಪ್ಪನ್ನು ಕರ್ನಲ್‌ಗೆ ಬಿಟ್ಟಿದ್ದರೆ, ಸಿಪಿಯು ಜೊತೆಗಿರುವ ಏಪಿಕ್ ಟೈಮರನ್ನು ಕೆವಿಎಂ ತಾನೇ ನೋಡಿಕೊಳ್ಳುತ್ತದೆ, ನಿಮ್ಮ ಲೂಪಿಗೂ ಅದಕ್ಕೂ ಸಂಬಂಧ ಇಲ್ಲ. ಟೈಮರನ್ನು ನಿಮ್ಮ ಕೋಡೇ ನಡೆಸುತ್ತಿದ್ದರೆ ಮುಂದೆ ಓದಿ.

ತಪ್ಪು ಇರುವುದು ಸಾಮಾನ್ಯವಾಗಿ ಒಂದೇ ಜಾಗದಲ್ಲಿ. ಲೂಪ್ ಮೊದಲು ‘ಮುಂದಿನ ಟೈಮರ್ ಯಾವಾಗ’ ಅಂತ ಲೆಕ್ಕ ಹಾಕುತ್ತದೆ, ಆಮೇಲೆ ಪೋಲ್ (ಏನಾದರೂ ಬರುವವರೆಗೆ ಅಥವಾ ಹೇಳಿದ ಹೊತ್ತು ಮುಗಿಯುವವರೆಗೆ ಕಾಯುವ ಕರೆ) ಕರೆದು ಮಲಗುತ್ತದೆ. ಈ ಎರಡರ ನಡುವೆ ಇನ್ನೊಂದು ಥ್ರೆಡ್ (ಅದೇ ಪ್ರೋಗ್ರಾಂನಲ್ಲಿ ಜೊತೆಗೇ ಓಡುವ ಇನ್ನೊಂದು ಎಳೆ) ಬಂದು ಇನ್ನೂ ಬೇಗ ಮುಗಿಯುವ ಟೈಮರ್ ಸೇರಿಸಿದರೆ ಲೂಪಿಗೆ ಗೊತ್ತೇ ಆಗುವುದಿಲ್ಲ. ವಿಜಯಪುರದಲ್ಲಿ ರಾತ್ರಿ ನಲ್ಲಿ ನೀರಿಗೆ ಕಾದವರಿಗೆ ಇದು ಬೇಗ ಹೊಳೆಯುತ್ತದೆ: ನಲ್ಲಿ ತಿರುವಿ ನೋಡಿ, ನೀರಿಲ್ಲ ಅಂತ ಒಳಗೆ ಬಂದು ಬಾಗಿಲು ಹಾಕುವಷ್ಟರಲ್ಲಿ ಪಕ್ಕದ ಮನೆಯವರು ‘ನೀರ್ ಬಂತ್ರೀ’ ಅಂತ ಒಂದೇ ಸಲ ಕೂಗಿ ಹೋಗಿರುತ್ತಾರೆ, ನೀವು ಬೆಳಗಿನವರೆಗೆ ಮಲಗಿರುತ್ತೀರಿ.

ಬಗ್ ಅಪರೂಪಕ್ಕೆ ಬರುತ್ತಿದ್ದರೆ ಅದನ್ನು ಬೇಕೆಂದೇ ಬರಿಸಿ. ಲೆಕ್ಕ ಹಾಕಿದ ಮೇಲೆ, ಪೋಲ್‌ಗೆ ಮುಂಚೆ, 10 ಮಿಲಿಸೆಕೆಂಡಿನ ತಡೆ ಹಾಕಿ. ಈಗ ಪದೇ ಪದೇ ಸಿಕ್ಕಿಬೀಳುತ್ತದೆ. ಆಮೇಲೆ ಒಂದು ಈವೆಂಟ್‌ಎಫ್‌ಡಿ (ಮಲಗಿದವರನ್ನು ಎಬ್ಬಿಸಲು ಕರ್ನಲ್ ಕೊಡುವ ಒಂದು ಎಣಿಕೆ ಡಬ್ಬಿ) ತೆರೆದು ಪೋಲ್ ಪಟ್ಟಿಗೆ ಸೇರಿಸಿ, ಟೈಮರ್ ಸೇರಿಸುವ ಥ್ರೆಡ್ ಅದಕ್ಕೆ ಬರೆಯಲಿ. ಬರೆದದ್ದು ಓದುವವರೆಗೂ ಅಲ್ಲೇ ಇರುತ್ತದೆ, ಹಾಗಾಗಿ ಪೋಲ್‌ಗೆ ಮುಂಚೆ ಬರೆದರೂ ಕಳೆಯುವುದಿಲ್ಲ. ಎದ್ದ ಮೇಲೆ ಮೊದಲು ಈವೆಂಟ್‌ಎಫ್‌ಡಿ ಓದಿ ಖಾಲಿ ಮಾಡಿ, ನಂತರ ಟೈಮರ್ ಪಟ್ಟಿ ನೋಡಿ. ಉಲ್ಟಾ ಮಾಡಿದರೆ ಅದೇ ಬಗ್ ಹಿಂಬಾಗಿಲಿನಿಂದ ಬರುತ್ತದೆ. ತಡೆಯನ್ನು ತೆಗೆಯದೇ, ರಾತ್ರಿಯಿಡೀ ವಿಎಂ ಒಳಗೆ ಚಿಕ್ಕ ಚಿಕ್ಕ ಸ್ಲೀಪ್‌ಗಳನ್ನು ಓಡಿಸಿ ನೋಡಿ.

ಕೆಲವರು ಪೋಲ್‌ಗೆ ‘10 ಮಿಲಿಸೆಕೆಂಡಿಗಿಂತ ಜಾಸ್ತಿ ಮಲಗಬೇಡ’ ಅಂತ ಹೇಳಿ ಕೈ ತೊಳೆದುಕೊಳ್ಳುತ್ತಾರೆ. ಇದು ರಿಪೇರಿ ಅಲ್ಲ. ಬಗ್ ಕಾಣದಂತಾಗುತ್ತದೆ, ವಿಎಂ ಸುಮ್ನೆ ಕೂತಾಗಲೂ ಬ್ಯಾಟರಿ ತಿನ್ನುತ್ತದೆ.

ವಿಸಿಪಿಯು ಥ್ರೆಡ್‌ನಲ್ಲೂ, ಅಂದರೆ ವಿಎಂನ ಸಿಪಿಯುವನ್ನು ಓಡಿಸುವ ಥ್ರೆಡ್‌ನಲ್ಲೂ, ಇದೇ ಕಥೆ. ಅದನ್ನು ಸಿಗ್ನಲ್ ಕಳಿಸಿ ಹೊರಗೆ ತರುತ್ತೀರಿ ಅಲ್ವಾ? ‘ಕೆಲಸ ಇದೆಯಾ’ ಅಂತ ನೋಡಿ, ವಿಎಂ ಒಳಗಿನ ಕೋಡನ್ನು ಓಡಿಸುವ ಕೆವಿಎಂ ರನ್ ಕರೆಯುವ ಮುಂಚೆಯೇ ಸಿಗ್ನಲ್ ಬಂದರೆ ಅದು ವ್ಯರ್ಥ. ಸಿಗ್ನಲ್ ಹ್ಯಾಂಡ್ಲರ್ ಒಳಗೆ ಕೆವಿಎಂ ರನ್ ರಚನೆಯ ‘ಇಮ್ಮೀಡಿಯೆಟ್ ಎಕ್ಸಿಟ್’ ಅನ್ನು 1 ಮಾಡಿ. ಆಗ ಒಳಗೆ ಹೋದ ಕೂಡಲೇ ವಾಪಸ್ ಬರುತ್ತದೆ. ಬಂದ ಮೇಲೆ 0 ಮಾಡಿ, ನಂತರ ಕೆಲಸ ನೋಡಿ.

ತಡವಾಗಿ ಏಳುವುದು ಬೇರೆ ರೋಗ. ಲಿನಕ್ಸ್‌ನಲ್ಲಿ ಸಾಮಾನ್ಯ ಥ್ರೆಡ್‌ಗೆ 50 ಮೈಕ್ರೋಸೆಕೆಂಡ್ ಟೈಮರ್ ಸ್ಲ್ಯಾಕ್ (ಟೈಮರ್ ತಡವಾಗಲು ಕರ್ನಲ್ ಬಿಟ್ಟ ಸಡಿಲ) ಮೊದಲೇ ಇದೆ, ಅಷ್ಟು ತಡವಾದರೆ ಬಗ್ ಅನ್ನಬೇಡಿ. ಉಲ್ಟಾ ತೊಂದರೆಯೂ ಇದೆ: ಪೋಲ್‌ಗೆ ಮಿಲಿಸೆಕೆಂಡ್ ಮಾತ್ರ ಅರ್ಥವಾಗುತ್ತದೆ, 0.4 ಅನ್ನು 0 ಮಾಡಿ ಕೊಟ್ಟರೆ ಅದು ಮಲಗುವುದೇ ಇಲ್ಲ, ಫ್ಯಾನ್ ಕಿರುಚಲು ಶುರು ಮಾಡುತ್ತದೆ. ಮೇಲಿನ ಅಂಕಿಗೆ ಏರಿಸಿ, ಇಲ್ಲವೇ ನ್ಯಾನೋಸೆಕೆಂಡ್ ಒಪ್ಪುವ ಪಿಪೋಲ್ ಬಳಸಿ.

ಗಡಿಯಾರವನ್ನೂ ನೋಡಿ. ಪಿಥ್ರೆಡ್‌ನ (ಥ್ರೆಡ್‌ಗಳ ಲೈಬ್ರರಿ) ಸಮಯ ಮಿತಿಯ ಕಂಡೀಶನ್ ವೇಟ್, ಅಂದರೆ ಇನ್ನೊಂದು ಥ್ರೆಡ್ ಎಬ್ಬಿಸುವವರೆಗೆ ಕಾಯುವ ಕರೆ, ಏನೂ ಹೇಳದಿದ್ದರೆ ರಿಯಲ್‌ಟೈಮ್ (ದಿನಾಂಕ, ಸಮಯ ತೋರಿಸುವ) ಗಡಿಯಾರ ಹಿಡಿಯುತ್ತದೆ. ಆ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದರೆ ನಿಮ್ಮ ವಿಎಂ ಅಷ್ಟು ಹೊತ್ತು ಜಾಸ್ತಿ ಮಲಗುತ್ತದೆ. ಯಾರೂ ಹಿಂದಕ್ಕೆ ತಿರುಗಿಸಲಾಗದ ಮೊನೊಟೊನಿಕ್ ಗಡಿಯಾರ ಹಾಕಿ. ಆದರೆ ಬೆಳಗಾವಿಯ ಮಳೆಗಾಲದಲ್ಲಿ ಕರೆಂಟ್ ಹೋಯಿತು ಅಂತ ಲ್ಯಾಪ್‌ಟಾಪ್ ಮುಚ್ಚಿ ಸಸ್ಪೆಂಡ್ ಮಾಡಿದರೆ, ಲಿನಕ್ಸ್‌ನ ಮೊನೊಟೊನಿಕ್ ಆ ಹೊತ್ತನ್ನು ಎಣಿಸುವುದಿಲ್ಲ. ಅದೂ ಲೆಕ್ಕಕ್ಕೆ ಬೇಕಾದ ಕಡೆ ಬೂಟ್‌ಟೈಮ್ ಗಡಿಯಾರ ಬಳಸಿ, ವಿಎಂ ಒಳಗಿನ ಸಮಯವನ್ನು ಕ್ರೋನಿ (ಗಡಿಯಾರ ಸರಿ ಇಡುವ ಪ್ರೋಗ್ರಾಂ) ಇಂದ ಸರಿ ಮಾಡಿಸಿ.