ಬಸ್ಸಿನಲ್ಲಿ ಕೂತರೆ ವಾಂತಿ ಆಗುತ್ತಾ?

ಆಪರೇಷನ್‌ಗೆ ಮುಂಚೆ ರೋಗಿಯನ್ನು ನೋಡಲು ಹೋದಾಗ ನಾನು ತಪ್ಪದೆ ಕೇಳುವ ಪ್ರಶ್ನೆ ಇದು. ಬಿಪಿ, ಸಕ್ಕರೆ, ಉಬ್ಬಸ, ಅಲರ್ಜಿ ಎಲ್ಲ ಕೇಳಿದ ಮೇಲೆ, "ಬಸ್ಸಿನಲ್ಲಿ, ಕಾರಿನಲ್ಲಿ ಕೂತರೆ ವಾಂತಿ ಆಗುತ್ತಾ? ಹಿಂದಿನ ಆಪರೇಷನ್ ಆದ್ಮೇಲೆ ಆಗಿತ್ತಾ?" ಇದಕ್ಕೂ ಆಪರೇಷನ್‌ಗೂ ಏನು ಸಂಬಂಧ ಅಂತ ಕೆಲವರು ನನ್ನ ಮುಖ ನೋಡುತ್ತಾರೆ. ನಾನು ಅರಿವಳಿಕೆ ಕೊಡುವ ವೈದ್ಯೆ. ಮರುದಿನ ಯಾವ ಔಷಧಿ, ಎಷ್ಟು, ಯಾವಾಗ ಅನ್ನುವುದು ಬಹಳಮಟ್ಟಿಗೆ ಈ ಉತ್ತರದ ಮೇಲೆಯೇ ನಿಂತಿರುತ್ತದೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಇದನ್ನು ಕೇಳುತ್ತಿರಲಿಲ್ಲ. ಯಾರೇ ಆಗಲಿ, ಹೊಲಿಗೆ ಹಾಕುವ ಹೊತ್ತಿಗೆ ವಾಂತಿ ತಡೆಯುವ ಔಷಧಿ ಒಂಡಾನ್‌ಸೆಟ್ರಾನ್ 4 ಮಿಲಿಗ್ರಾಂ ಕೊಡುತ್ತಿದ್ದೆ. ಅಲ್ಲಿಗೆ ಮುಗಿಯಿತು ಅಂದುಕೊಳ್ಳುತ್ತಿದ್ದೆ.

ಒಂದು ದಿನ ಪಿತ್ತಕೋಶ ತೆಗೆಯುವ ಲ್ಯಾಪ್ರೋಸ್ಕೋಪಿ ಇತ್ತು. ನಲವತ್ತರ ಆಸುಪಾಸಿನ ಹೆಂಗಸು. ಎಲ್ಲ ಸರಿಯಾಗಿಯೇ ಮುಗಿಯಿತು. ರಿಕವರಿ ರೂಮಿನಲ್ಲಿ ಚೆನ್ನಾಗಿ ಎಚ್ಚರವಾದರು, ನೋವೂ ಹತೋಟಿಯಲ್ಲಿತ್ತು. ಸ್ವಲ್ಪ ಹೊತ್ತಿಗೆ ನೋಡಿದರೆ ಮತ್ತೆ ಮತ್ತೆ ಎಂಜಲು ನುಂಗುತ್ತಿದ್ದಾರೆ. ಮೇಲ್ದುಟಿಯ ಮೇಲೆ ಬೆವರಿನ ಹನಿ, ಮುಖ ಬಿಳಿಚಿಕೊಂಡಿದೆ. ಆಮೇಲೆ ವಾಂತಿ ಶುರುವಾಯಿತು. ಪ್ರತಿ ಸಲ ಓಕರಿಸುವಾಗಲೂ ಎರಡೂ ಕೈಯಿಂದ ಹೊಟ್ಟೆಯ ಹೊಲಿಗೆ ಒತ್ತಿ ಹಿಡಿದುಕೊಳ್ಳುತ್ತಿದ್ದರು. ನಾನು ಇನ್ನೂ 4 ಮಿಲಿಗ್ರಾಂ ಒಂಡಾನ್‌ಸೆಟ್ರಾನ್ ಕೊಟ್ಟೆ. ಏನೂ ಪ್ರಯೋಜನವಾಗಲಿಲ್ಲ.

"ನೋವು ಹೇಗಾದ್ರೂ ತಡ್ಕೋತೀನಿ ಡಾಕ್ಟ್ರೇ, ಇದೊಂದು ನಿಲ್ಲಿಸಿಬಿಡಿ" ಅಂದರು.

ಸಂಜೆ ವಾರ್ಡಿಗೆ ಹೋದಾಗ ಇನ್ನೊಂದು ಮಾತು ಹೇಳಿದರು. "ಹಿಂದಿನ ಆಪರೇಷನ್‌ನಲ್ಲೂ ರಾತ್ರಿಯಿಡೀ ಹೀಗೇ ಆಗಿತ್ತು. ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ."

ಆ ಮಾತು ನನಗೆ ಇವತ್ತಿಗೂ ನೆನಪಿದೆ. ಯಾಕೆಂದರೆ ಲೆಕ್ಕ ತುಂಬಾ ಸುಲಭದ್ದು, ನಾನು ಹಾಕಿರಲಿಲ್ಲ ಅಷ್ಟೇ. ಆಪರೇಷನ್ ನಂತರ ವಾಂತಿಯ ಅಪಾಯ ಎಷ್ಟು ಅಂತ ಅಳೆಯಲು ಅಪ್ಫೆಲ್ ಸ್ಕೋರ್ ಅಂತ 1999ರಿಂದಲೂ ಇದೆ. ಅದರಲ್ಲಿ ನಾಲ್ಕೇ ಅಂಶ: ಹೆಂಗಸಾಗಿರುವುದು, ಸಿಗರೇಟು ಸೇದದಿರುವುದು, ಹಿಂದೆ ಆಪರೇಷನ್ ನಂತರ ವಾಂತಿ ಆಗಿದ್ದು ಅಥವಾ ಪ್ರಯಾಣದಲ್ಲಿ ವಾಂತಿ ಆಗುವುದು, ಆಪರೇಷನ್ ಆದಮೇಲೆ ಮಾರ್ಫಿನ್ ಜಾತಿಯ ನೋವಿನ ಔಷಧಿ ಬೇಕಾಗುವುದು. ಒಂದೂ ಇಲ್ಲದಿದ್ದರೆ ನೂರರಲ್ಲಿ ಹತ್ತು ಜನಕ್ಕೆ ವಾಕರಿಕೆ ಅಥವಾ ವಾಂತಿ. ನಾಲ್ಕೂ ಇದ್ದರೆ ಹೆಚ್ಚುಕಡಿಮೆ ಎಂಬತ್ತು ಜನಕ್ಕೆ. ಅವರಿಗೆ ನಾಲ್ಕೂ ಇತ್ತು.

ಎರಡನೇ ತಪ್ಪು, ಅದೇ ಔಷಧಿಯನ್ನು ಮತ್ತೆ ಕೊಟ್ಟಿದ್ದು. ಮೆದುಳಿಗೆ ವಾಂತಿಯ ಸೂಚನೆ ಹಲವು ರಾಸಾಯನಿಕಗಳ ಮೂಲಕ ಹೋಗುತ್ತದೆ: ಸೆರೊಟೋನಿನ್, ಡೋಪಮೈನ್, ಹಿಸ್ಟಮಿನ್, ಹೀಗೆ. ಒಂಡಾನ್‌ಸೆಟ್ರಾನ್ ತಡೆಯುವುದು ಸೆರೊಟೋನಿನ್ ಒಂದನ್ನೇ. ಅದನ್ನು ಆಗಲೇ ತಡೆದಾಗಿದೆ, ಆದರೂ ವಾಂತಿ ಬರುತ್ತಿದೆ ಅಂದರೆ ಸೂಚನೆ ಬೇರೆ ಕಡೆಯಿಂದ ಹೋಗುತ್ತಿದೆ ಅಂತ ಅರ್ಥ ಅಲ್ವಾ? ಹಾಗಾಗಿ ಆರು ಗಂಟೆಯೊಳಗೆ ವಾಂತಿ ಆದರೆ ಈಗ ನಾನು ಬೇರೆ ಜಾತಿಯ ಔಷಧಿಗೇ ಹೋಗುತ್ತೇನೆ. ಹೃದಯದ ಇಸಿಜಿ ಸರಿಯಿದ್ದರೆ ಡ್ರೊಪೆರಿಡಾಲ್, ತೀರಾ ಸಣ್ಣ ಪ್ರಮಾಣ, 0.625 ಮಿಲಿಗ್ರಾಂ. ಅದು ಒಳಗೆ ಹೋಗುವಷ್ಟರಲ್ಲಿ ಸ್ಪಿರಿಟ್ ಹತ್ತಿಯನ್ನು ಮೂಗಿನ ಹತ್ತಿರ ಹಿಡಿದು ನಿಧಾನವಾಗಿ ಉಸಿರು ಎಳೆಸುತ್ತೇವೆ. ಸುಮ್ನೆ ಸಮಾಧಾನಕ್ಕಲ್ಲ, ಎಷ್ಟೋ ಜನಕ್ಕೆ ಕೆಲವೇ ನಿಮಿಷದಲ್ಲಿ ವಾಕರಿಕೆ ಇಳಿಯುತ್ತದೆ.

ಆದರೆ ವಾಂತಿ ಬಂದಮೇಲೆ ನಿಲ್ಲಿಸುವುದಕ್ಕಿಂತ ಬಾರದ ಹಾಗೆ ನೋಡಿಕೊಳ್ಳುವುದು ಎಷ್ಟೋ ಸುಲಭ. 2004ರಲ್ಲಿ ಐದು ಸಾವಿರಕ್ಕೂ ಜಾಸ್ತಿ ರೋಗಿಗಳ ಮೇಲೆ ನಡೆದ ಒಂದು ದೊಡ್ಡ ಅಧ್ಯಯನ ನನ್ನ ಅಭ್ಯಾಸವನ್ನೇ ಬದಲಿಸಿತು. ಒಂಡಾನ್‌ಸೆಟ್ರಾನ್, ಡೆಕ್ಸಾಮೆಥಸೋನ್, ಡ್ರೊಪೆರಿಡಾಲ್ ಮೂರೂ ಬಹುತೇಕ ಒಂದೇ ಬಲದವು. ಒಂದೊಂದೂ ಇರುವ ಅಪಾಯದಲ್ಲಿ ಸುಮಾರು ಕಾಲು ಭಾಗ ಕಡಿಮೆ ಮಾಡುತ್ತದೆ. ಅಂದರೆ ಎಂಬತ್ತು ಇದ್ದದ್ದು ಒಂದು ಔಷಧಿಗೆ ಅರವತ್ತರ ಹತ್ತಿರ ಬರುತ್ತದೆ. ಎರಡನೆಯದು ಆ ಅರವತ್ತರಲ್ಲಿ ಕಾಲು ಭಾಗ ತೆಗೆಯುತ್ತದೆ. ನಾನು ಅವರಿಗೆ ಒಂದೇ ಔಷಧಿ ಕೊಟ್ಟು ಅರವತ್ತರಲ್ಲೇ ಬಿಟ್ಟಿದ್ದೆ.

ಈಗ ಒಂದೆರಡು ಅಂಶ ಇದ್ದರೆ ಎರಡು ಔಷಧಿ. ಮೂರು, ನಾಲ್ಕು ಇದ್ದರೆ ಮೂರೋ ನಾಲ್ಕೋ ಉಪಾಯ ಸೇರಿಸುತ್ತೇನೆ. ಅದರಲ್ಲಿ ಮೊದಲನೆಯದು ಔಷಧಿ ಸೇರಿಸುವುದಲ್ಲ, ಕಾರಣ ತೆಗೆಯುವುದು. ನಿದ್ದೆಗೆ ಗ್ಯಾಸ್ ಬಳಸದೆ ಪ್ರೊಪೊಫಾಲನ್ನೇ ಪಂಪಿನಲ್ಲಿ ಹನಿಸುತ್ತೇನೆ. ನೈಟ್ರಸ್ ಆಕ್ಸೈಡ್ ಅನ್ನುವ ಗ್ಯಾಸೂ ಬೇಡ. ಪ್ಯಾರಾಸಿಟಮಾಲ್, ನರದ ಬ್ಲಾಕ್ ಇವುಗಳಿಂದ ನೋವು ತಗ್ಗಿಸಿದರೆ ಮಾರ್ಫಿನ್ ಜಾತಿಯದು ಅಷ್ಟು ಕಡಿಮೆ ಸಾಕು. ಡ್ರಿಪ್ಪಿನಲ್ಲಿ ನೀರಿನಂಶ ಧಾರಾಳವಾಗಿ ಹೋಗಬೇಕು.

ಸಮಯವೂ ಮುಖ್ಯ. ಡೆಕ್ಸಾಮೆಥಸೋನ್ ನಿಧಾನಕ್ಕೆ ಕೆಲಸ ಮಾಡುವ ಸ್ಟೀರಾಯ್ಡ್, ಅದಕ್ಕೇ ಶುರುವಿನಲ್ಲೇ ಕೊಡಬೇಕು. ಆದರೆ ಎಚ್ಚರವಿದ್ದಾಗ ಬೇಗ ಚುಚ್ಚಿದರೆ ಗುಪ್ತಾಂಗದ ಸುತ್ತ ವಿಪರೀತ ಉರಿ, ತುರಿಕೆ ಬರುತ್ತದೆ. ನಾಚಿಕೆಗೆ ಹೇಳಲೂ ಆಗದೆ ರೋಗಿ ಒದ್ದಾಡುತ್ತಾರೆ. ಆದ್ದರಿಂದ ನಿದ್ದೆ ಹತ್ತಿದ ಮೇಲೆಯೇ ಕೊಡುತ್ತೇನೆ, 4ರಿಂದ 8 ಮಿಲಿಗ್ರಾಂ. ಸಕ್ಕರೆ ಕಾಯಿಲೆ ಇದ್ದರೆ ಸಕ್ಕರೆ ಏರುತ್ತದೆ, ವಾರ್ಡಿಗೆ ಬರೆದು ಕಳಿಸಬೇಕು. ಒಂಡಾನ್‌ಸೆಟ್ರಾನ್ ಕೊನೆಗೆ. ವಾಂತಿ ತಡೆಯುವ ಇನ್ನೊಂದು ಔಷಧಿ ಅಪ್ರೆಪಿಟೆಂಟ್, ಆ ಮಾತ್ರೆಯಾದರೆ ಆಪರೇಷನ್‌ಗೆ ಮುಂಚೆಯೇ ನುಂಗಿಸಬೇಕು. ಅದರ ಪರಿಣಾಮ ಮರುದಿನದವರೆಗೂ ಇರುವುದರಿಂದ ಅದೇ ದಿನ ಮನೆಗೆ ಹೋಗುವವರಿಗೆ ನನಗೆ ಅದು ಇಷ್ಟ. ಮೆಟೊಕ್ಲೊಪ್ರಮೈಡ್ ಅಂತೂ ಈ ಕೆಲಸಕ್ಕೆ ನಾನು ಬಿಟ್ಟೇಬಿಟ್ಟಿದ್ದೇನೆ. 10 ಮಿಲಿಗ್ರಾಂ ಹೆಚ್ಚೇನೂ ಮಾಡುವುದಿಲ್ಲ, ಚಿಕ್ಕ ವಯಸ್ಸಿನವರಲ್ಲಿ ಕತ್ತು, ದವಡೆ ತಿರುಚಿಕೊಳ್ಳುವ ಭಯ ಬೇರೆ.

ಹೊಸದಾಗಿ ಕಲಿಯುವವರಿಗೆ ಒಂದು ಮಾತು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸಿಸೇರಿಯನ್ ಮಾಡುವಾಗ "ಡಾಕ್ಟ್ರೇ, ಒಂಥರಾ ಆಗ್ತಿದೆ, ಹೊಟ್ಟೆ ತೊಳಸ್ತಿದೆ" ಅಂದರೆ ಕೈ ವಾಂತಿಯ ಔಷಧಿಗೆ ಹೋಗಬಾರದು. ಮೊದಲು ಕಣ್ಣು ಬಿಪಿ ಕಡೆ ಹೋಗಬೇಕು. ಎಷ್ಟೋ ಸಲ ಬಿಪಿ ಇಳಿದಿರುತ್ತದೆ. ಫಿನೈಲೆಫ್ರಿನ್ ಕೊಟ್ಟು ಬಿಪಿ ಏರಿಸಿದರೆ ವಾಕರಿಕೆ ತಾನಾಗೇ ಹೋಗುತ್ತದೆ. ಬಿಪಿ ನೋಡದೆ ಒಂಡಾನ್‌ಸೆಟ್ರಾನ್ ಕೊಟ್ಟು ಕಾಯುತ್ತಾ ಕೂತರೆ ತಾಯಿಗೂ ಮಗುವಿಗೂ ರಕ್ತ ಕಡಿಮೆ ಹೋಗುತ್ತಲೇ ಇರುತ್ತದೆ.

ಅದೇ ಹೆಂಗಸು ಎರಡು ವರ್ಷದ ನಂತರ ಗರ್ಭಕೋಶದ ಆಪರೇಷನ್‌ಗೆ ಬಂದರು. ಈ ಸಲ ಅವರು ಬಾಯಿ ತೆರೆಯುವ ಮುಂಚೆ ನಾನೇ ಹೇಳಿದೆ, "ನಿಮ್ಮ ವಾಂತಿ ವಿಷಯ ನನಗೆ ಗೊತ್ತು." ಬೆಳಿಗ್ಗೆ ಅಪ್ರೆಪಿಟೆಂಟ್, ನಿದ್ದೆಗೆ ಪ್ರೊಪೊಫಾಲ್, ನಿದ್ದೆ ಹತ್ತಿದ ಮೇಲೆ ಡೆಕ್ಸಾಮೆಥಸೋನ್, ಕೊನೆಗೆ ಒಂಡಾನ್‌ಸೆಟ್ರಾನ್. ಎಚ್ಚರವಾಗಿ ಸ್ವಲ್ಪ ಹೊತ್ತಿಗೆ ನೀರು ಕೇಳಿದರು, ಗುಟುಕು ಗುಟುಕಾಗಿ ಕುಡಿದರು, ಒಳಗೇ ಉಳಿಯಿತು. ರಾತ್ರಿ ಒಮ್ಮೆ ಹೊಟ್ಟೆ ತೊಳಸಿದಂತಾಯಿತಂತೆ. ನರ್ಸ್ ಡ್ರೊಪೆರಿಡಾಲ್ ಕೊಟ್ಟ ಮೇಲೆ ನಿದ್ದೆ ಹೋದರಂತೆ. ಡಿಸ್ಚಾರ್ಜ್ ದಿನ ಅವರ ಚೀಟಿಯ ಮೇಲೆ ಕೆಂಪು ಪೆನ್ನಿನಲ್ಲಿ ಐದೂ ಹೆಸರು ಬರೆದುಕೊಟ್ಟು, ಮುಂದೆ ಯಾವ ಆಪರೇಷನ್ ಆದರೂ ಅರಿವಳಿಕೆ ಡಾಕ್ಟರಿಗೆ ಮೊದಲು ಇದನ್ನು ತೋರಿಸಿ ಅಂದೆ.